ಕ್ರೂಸ್ ಹಡಗಲ್ಲಿ ಕೆಲಸ ಮಾಡಿ ರಿಟೈರ್ ಆದವರು ಯಾರಾದ್ರೂ ಇದ್ದೀರಾ? ಅಲ್ಲಿ ನಡೆದ ತಮಾಷೆ ಪ್ರಸಂಗ ಹೇಳ್ತೀರಾ?

ಇದ್ದೀವಿ ಮಾರಾಯ್ರೆ. ಕಾರವಾರ, ಸದಾಶಿವಗಡ, ಮಾಜಾಳಿ ಕಡೆ ಕೇಳಿದ್ರೆ ಓಣಿಗೊಬ್ಬರು ಸಿಗ್ತಾರೆ. ನಾನು ಅಮೆರಿಕ ಕಡೆ ಓಡಾಡೋ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್ ಆಗಿದ್ದವ, ಅಂದ್ರೆ ಪ್ಯಾಸೆಂಜರ್‌ಗಳ ರೂಮು ಗುಡಿಸಿ, ಹಾಸಿಗೆ ಸರಿ ಮಾಡಿ, ಬಾತ್‌ರೂಮ್ ತೊಳೆಯೋ ಕೆಲಸ. ಊರಲ್ಲಿ ಮಾತ್ರ ಬಹಳ ವರ್ಷ ನಾನೇ ಹಡಗು ಓಡಿಸೋದು ಅಂತ ನಂಬಿದ್ರು, ಹೆಣ್ಣು ನೋಡೋಕೆ ಹೋದಾಗಂತೂ ನಮ್ಮ ಸೋದರಮಾವ "ಹುಡುಗ ಶಿಪ್ಪಲ್ಲಿ ಆಫೀಸರ್" ಅಂದುಬಿಟ್ಟ, ನಾನು ಚಾ ಕುಡೀತಾ ಸುಮ್ಮನಿದ್ದೆ. ಹೆಂಡತಿ ಈಗಲೂ ಅದನ್ನ ಎತ್ತಿ ಆಡ್ತಾಳೆ.

ಫೋಟೋದಲ್ಲಿ ನಿಮಗೆ ಕಾಣೋ ಹಡಗು ಬೇರೆ, ನಾವಿದ್ದ ಹಡಗು ಬೇರೆ. ಮೇಲೆ ಕಾರ್ಪೆಟ್ಟು, ಪಿಯಾನೋ, ಗಾಜಿನ ಲಿಫ್ಟು. ಕೆಳಗೆ ಈ ತುದಿಯಿಂದ ಆ ತುದಿವರೆಗೆ ಒಂದು ಉದ್ದ ಕಾರಿಡಾರು, ಅದಕ್ಕೆ ಅಮೆರಿಕದ ಹೈವೇ ಹೆಸರು ಹಿಡಿದು ಐ-95 ಅಂತಾರೆ. ನಮ್ಮ ಜಿಲ್ಲೆಯವರು ನಾಲ್ಕೈದು ಜನ ಸೇರಿದ್ರೆ ಅದನ್ನ ಎನ್‌ಎಚ್ 17 ಅಂತಲೇ ಕರೀತಿದ್ವಿ, ಆಗಿನ್ನೂ ನಮ್ಮ ಹೈವೇ 66 ಆಗಿರ್ಲಿಲ್ಲ. ಒಂದೇ ಹೊತ್ತಿಗೆ ಅಲ್ಲಿ ಆಲೂಗಡ್ಡೆ ಮೂಟೆ ಹೊತ್ತ ಫೋರ್ಕ್‌ಲಿಫ್ಟು, ಅದರ ಹಿಂದೆ ಕೊಳೆ ಬಟ್ಟೆ ಗಾಡಿ, ಅದರ ಹಿಂದೆ ತಲೆ ಮೇಲೆ ಎರಡಡಿ ಗರಿ ಕಟ್ಕೊಂಡು ಶೋಗೆ ಓಡ್ತಿರೋ ಡ್ಯಾನ್ಸರ್‌ಗಳು. ನಮ್ಮ ಲಾಂಡ್ರಿಯವ ಒಬ್ಬ ಮೊದಲ ಕಾಂಟ್ರಾಕ್ಟಲ್ಲಿ ನಿದ್ದೆಗಣ್ಣಲ್ಲಿ ಅವರನ್ನ ನೋಡಿ ಯಕ್ಷಗಾನ ಮೇಳ ಹತ್ತಿದೆ ಅಂದ್ಕೊಂಡನಂತೆ. ಸುಳ್ಳೇ ಇರಬೇಕು, ಆದ್ರೆ ಚೆನ್ನಾಗಿ ಹೇಳ್ತಾನೆ, ಅದಕ್ಕೆ ನಾವು ಬಿಡಿಸಿ ಕೇಳೋದಿಲ್ಲ.

ಪ್ಯಾಸೆಂಜರ್‌ಗಳು ಕೇಳೋ ಪ್ರಶ್ನೆಗಳ ಬಗ್ಗೆ ಹಡಗಿನವರೆಲ್ಲ ಹೇಳೋ ಜೋಕು ಒಂದಷ್ಟಿವೆ, "ಮಿಡ್‌ನೈಟ್ ಬಫೆ ಎಷ್ಟು ಗಂಟೆಗೆ", "ಸಿಬ್ಬಂದಿ ರಾತ್ರಿ ಹಡಗಲ್ಲೇ ಮಲಗ್ತಾರಾ" ಅನ್ನೋವು, ಅವು ಹಳಸಿದವು, ಬಿಡಿ. ನನಗೇ ಆಗಿದ್ದು ಹೇಳ್ತೀನಿ. ಒಳಗಿನ ಕ್ಯಾಬಿನ್‌ಗೆ ಕಿಟಕಿ ಇರೋದಿಲ್ಲ, ಕೆಲವು ಹಡಗಲ್ಲಿ ಉಸಿರು ಕಟ್ಟಿದ ಹಾಗೆ ಆಗಬಾರದು ಅಂತ ಗೋಡೆಗೆ ಸುಮ್ಮನೆ ಒಂದು ಪರದೆ ಹಾಕಿರ್ತಾರೆ. ಒಬ್ಬ ಅಜ್ಜಿ ಮೂರನೇ ದಿನ ನನ್ನ ಕರೆದು, ನಾನು ಬೆಳಿಗ್ಗೆ ಸಂಜೆ ಪರದೆ ಸರಿಸಿ ನೋಡ್ತಿದ್ದೀನಪ್ಪಾ, ಈ ಹಡಗು ಇನ್ನೂ ಗೋಡೆ ಪಕ್ಕದಲ್ಲೇ ನಿಂತಿದೆ ಅಂದ್ರು. ನಾನು ಟೀವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮರಾ ಚಾನೆಲ್ ಹಾಕಿಕೊಟ್ಟೆ, ಅದರಲ್ಲಿ ಬರೀ ಸಮುದ್ರ ಕಾಣೋದು. ಮರುದಿನ ಅಜ್ಜಿ "ಸೀರಿಯಲ್ ಚೆನ್ನಾಗಿದೆ, ಆದ್ರೆ ಕಥೆ ಮುಂದೆ ಹೋಗ್ತಿಲ್ಲ" ಅಂದ್ರು. ಅವರೇ ನನ್ನ ಆಡಿಸ್ತಿದ್ರೋ ಏನೋ, ಇವತ್ತಿಗೂ ಗೊತ್ತಾಗ್ಲಿಲ್ಲ, ಟಿಪ್ ಮಾತ್ರ ಗಟ್ಟಿಯಾಗಿ ಕೊಟ್ಟು ಹೋದ್ರು.

ಇನ್ನು ಯುಎಸ್‌ಪಿಎಚ್. ಈ ಹೆಸರು ಕೇಳಿದ್ರೆ ರಿಟೈರ್ ಆದವರ ಕೈ ಈಗಲೂ ನಡುಗುತ್ತೆ. ಹೊರದೇಶ ಸುತ್ತಿ ಅಮೆರಿಕದ ಬಂದರಿಗೆ ಬರೋ ಪ್ಯಾಸೆಂಜರ್ ಹಡಗನ್ನ ಅಲ್ಲಿನ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಹತ್ತಿ ತಪಾಸಣೆ ಮಾಡ್ತಾರೆ, 1975ರಿಂದ ನಡ್ಕೊಂಡು ಬಂದ ಪದ್ಧತಿ ಇದು. ನೂರಕ್ಕೆ ಮಾರ್ಕ್ಸು, 85 ಬಂದ್ರೂ ಫೇಲು. 35 ತೆಗೆದು ಎಸ್ಸೆಸ್ಸೆಲ್ಸಿ ಪಾಸಾಗಿ ಪೇಡೆ ಹಂಚಿದವರು ನಾವು, ಯೋಚನೆ ಮಾಡಿ. ಅದಕ್ಕೇ ನಮ್ಮ ಆಫೀಸರ್‌ಗಳು ಮೊದಲೇ ತಾವೊಂದು ಸುತ್ತು ಕ್ಯಾಬಿನ್ ತಪಾಸಣೆ ಇಡ್ತಿದ್ರು, ರೈಸ್ ಕುಕ್ಕರು, ಇಸ್ತ್ರಿಪೆಟ್ಟಿಗೆ, ತಿಂಡಿ ಡಬ್ಬಿ ಏನು ಸಿಕ್ರೂ ಎತ್ಕೊಂಡು ಹೋಗೋದು. ನನ್ನ ಜೊತೆ ಅಂಕೋಲಾ ಕಡೆಯವ ಒಬ್ಬ ರೂಮ್‌ಮೇಟ್ ಇದ್ದ, ಅವನು ರಜೆ ಮುಗಿಸಿ ಬರುವಾಗ ಒಣಬಂಗಡೆ ಕಟ್ಟು ತಂದು ಲೈಫ್ ಜಾಕೆಟ್ ಹಿಂದೆ ಇಟ್ಟಿದ್ದ. ಆಫೀಸರ್ ಬಾಗಿಲು ತೆಗೆದು ಮೂಗು ಮುಚ್ಚಿ, ಇಲ್ಲಿ ಡ್ರೈನೇಜ್ ಪೈಪ್ ಒಡೆದಿದೆ, ಈಗಿಂದೀಗಲೇ ಪ್ಲಂಬರ್ ಕರೀರಿ ಅಂದ. ಬಂದವ ಫಿಲಿಪೈನ್ಸಿನವ, ಅವರ ಊರಲ್ಲೂ ಒಣಮೀನು ಅಂದ್ರೆ ಪ್ರಾಣ. ಒಳಗೆ ಬಂದು ಒಮ್ಮೆ ಉಸಿರು ಎಳ್ಕೊಂಡ, ನಮ್ಮಿಬ್ಬರ ಮುಖ ನೋಡಿದ, ಆಫೀಸರ್‌ಗೆ "ಸರ್, ದೊಡ್ಡ ಕೆಲಸ, ನೀವು ಮುಂದೆ ಹೋಗಿ" ಅಂತ ಹೇಳಿ ಬಾಗಿಲು ಹಾಕ್ಕೊಂಡ. ಅರ್ಧ ಗಂಟೆ ಸ್ಪ್ಯಾನರ್‌ನಿಂದ ಪೈಪ್ ಕುಟ್ಟಿ ಸದ್ದು ಮಾಡಿ, ಹೋಗುವಾಗ ಅರ್ಧ ಕಟ್ಟು ಬಂಗಡೆ ಟೂಲ್‌ಬಾಕ್ಸಲ್ಲಿ ಹಾಕ್ಕೊಂಡು ಹೋದ. ರಿಪೋರ್ಟಲ್ಲಿ "ಲೀಕ್ ಸರಿಪಡಿಸಲಾಗಿದೆ" ಅಂತ ಬರೆದಿದ್ದ.

ನನಗೆ ಎಲ್ಲಕ್ಕಿಂತ ಇಷ್ಟದ್ದು ಚೌತಿ ಕಳೆದುಹೋದ ಕಥೆ. ಅಲಾಸ್ಕ ಸೀಸನ್ ಮುಗಿದ ಮೇಲೆ ಕೆಲವು ಹಡಗು ಹವಾಯಿ ಮೇಲಿಂದ ಆಸ್ಟ್ರೇಲಿಯಾಕ್ಕೆ ಹೋಗ್ತವೆ, ದಾರಿಯಲ್ಲಿ ಡೇಟ್‌ಲೈನ್, ಅಂದ್ರೆ ತಾರೀಕು ಬದಲಾಗೋ ಗೆರೆ, ಸಿಗುತ್ತೆ, ಪಶ್ಚಿಮಕ್ಕೆ ದಾಟಿದ್ರೆ ಕ್ಯಾಲೆಂಡರಲ್ಲಿ ಒಂದು ದಿನ ಮಾಯ, ಭಾನುವಾರ ಮಲಗಿದವ ಏಳೋದು ಮಂಗಳವಾರ. ಆ ವರ್ಷ ಚೌತಿ ಸೆಪ್ಟೆಂಬರ್ ನಡುವೆ ಬಿದ್ದಿತ್ತು, ನಮ್ಮ ಹಡಗು ಸೀಸನ್ ಸ್ವಲ್ಪ ಬೇಗ ಮುಗಿಸಿ ಹೊರಟಿತ್ತು, ನೋಡಿದ್ರೆ ಮಾಯ ಆಗೋ ದಿನವೇ ಚೌತಿ! ಕ್ರೂ ಮೆಸ್ಸಲ್ಲಿ ದೊಡ್ಡ ಚರ್ಚೆ ಶುರುವಾಯ್ತು, ಹಿಂದಿನ ದಿನ ಮಾಡೋದಾ, ಮರುದಿನ ಮಾಡೋದಾ, ಇಲ್ಲ ಈ ವರ್ಷ ಗಣಪತಿಗೇ ರಜೆಯಾ ಅಂತ. ಒಬ್ಬ ಆ ದಿನದ ಸಂಬಳ ಬರುತ್ತಾ ಅಂತ ಕೇಳಿದ, ಅದು ಇನ್ನೊಂದು ಜಗಳ. ಕೊನೆಗೆ ಕುಮಟಾದ ಕುಕ್ ಒಬ್ಬ ಫೋನ್ ಕಾರ್ಡ್ ಹಾಕಿ ಊರಿನ ಪುರೋಹಿತರಿಗೆ ಫೋನ್ ಮಾಡಿದ, ಸ್ಯಾಟಲೈಟ್ ಫೋನು, ನಿಮಿಷಕ್ಕೆ ಡಾಲರ್ ಲೆಕ್ಕ, ಇವನು ಡೇಟ್‌ಲೈನ್ ಅಂದ್ರೇನು ಅಂತ ಬಿಡಿಸಿ ಹೇಳೋದ್ರಲ್ಲೇ ಕಾರ್ಡ್ ಖಾಲಿ ಆಗ್ತಾ ಬಂತು. ಭಟ್ರು ಎಲ್ಲ ಕೇಳಿ, "ಅದೆಲ್ಲ ಎಂತದ್ದೂ ಬೇಡ ತಮ್ಮಾ, ನೀವು ಎದ್ದ ದಿನ ಮಾಡಿ" ಅಂದು ಇಟ್ಟುಬಿಟ್ರು.

ಸರಿ, ಮೂರ್ತಿ ಬೇಕಲ್ಲ. ಗ್ಯಾಲಿಯಲ್ಲಿ, ಅಂದ್ರೆ ಹಡಗಿನ ಅಡುಗೆಮನೆಯಲ್ಲಿ, ಬಫೆಗೆ ಐಸು, ಬೆಣ್ಣೆ, ಕಲ್ಲಂಗಡಿ ಎಲ್ಲ ಕೆತ್ತೋ ಬಾಲಿಯವ ಒಬ್ಬ ಇದ್ದ. ಬಾಲಿಯವರಿಗೆ ಗಣಪತಿ ಗೊತ್ತು, ನಾವು ಹೇಳಿಕೊಡೋದೇ ಬೇಕಾಗ್ಲಿಲ್ಲ, ಒಂದು ರಾತ್ರಿಯಲ್ಲಿ ಬೆಣ್ಣೆಯಲ್ಲಿ ಎಂಥ ಗಣಪತಿ ಮಾಡಿಕೊಟ್ಟ ಅಂತೀರಿ, ಸೊಂಡಿಲ ಸುಕ್ಕು ಸಮೇತ. ಮೇಲೆ ಮಾಟೋಳಿ, ಅಂದ್ರೆ ಗಣಪತಿ ಮೇಲೆ ಹಣ್ಣು ತರಕಾರಿ ನೇತುಹಾಕೋ ಚಪ್ಪರ, ಕಟ್ಟಿದ್ವಿ, ಅನಾನಸು, ಸೇಬು, ದೊಣ್ಣೆಮೆಣಸು, ಬ್ರೊಕೊಲಿ. ಬ್ರೊಕೊಲಿ ನೇತಾಡೋ ಮಾಟೋಳಿ ಪ್ರಪಂಚದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ಆರತಿಗೆ ಬೆಂಕಿ ಹಚ್ಚೋ ಹಾಗಿಲ್ಲ, ಹೊಗೆ ಕಂಡ್ರೆ ಅಲಾರಂ ಹೊಡೆದು ಇಡೀ ಹಡಗು ಎದ್ದು ಕೂರುತ್ತೆ, ಹಾಗಾಗಿ ಟಾರ್ಚ್ ಹಿಡಿದು ಆರತಿ. ಆಮೇಲೆ ಬಂತು ವಿಸರ್ಜನೆ. ಈಗಿನ ಕ್ರೂಸ್ ಹಡಗಲ್ಲಿ ಪರಿಸರ ನೋಡ್ಕೊಳ್ಳೋಕೆ ಅಂತಲೇ ಒಬ್ಬ ಆಫೀಸರ್ ಇರ್ತಾನೆ, ಹೂವಿನ ಎಸಳು ಕೂಡ ಸಮುದ್ರಕ್ಕೆ ಹಾಕಬೇಡಿ ಅಂದ. ನಾಲ್ಕೂ ಕಡೆ ಪೆಸಿಫಿಕ್ ಮಹಾಸಾಗರ, ಗಣಪತಿ ಮುಳುಗಿಸೋಕೆ ನೀರಿಲ್ಲ! ಕೊನೆಗೆ ಗ್ಯಾಲಿಯ ದೊಡ್ಡ ಸೂಪ್ ಪಾತ್ರೆ ತೊಳೆದು, ಬೆಚ್ಚಗಿನ ನೀರು ತುಂಬಿ, ಗಣಪತಿ ಬಪ್ಪಾ ಮೋರ್ಯಾ ಅಂತ ಇಳಿಸಿದ್ವಿ. ಎರಡು ನಿಮಿಷದಲ್ಲಿ ಕರಗಿದ. ಕುಮಟಾದವ ಆ ತುಪ್ಪ ಸೋಸಿ ಇಡೋಣ್ವಾ ಅಂದ, ಎಲ್ರೂ ಸೇರಿ ಬೈದ್ವಿ.

ಡ್ರಿಲ್, ಅಂದ್ರೆ ಅಪಾಯ ಬಂದ್ರೆ ಏನು ಮಾಡಬೇಕು ಅನ್ನೋ ತಾಲೀಮು, ಅದರ ಬಗ್ಗೆ ಹೇಳದಿದ್ರೆ ನಮ್ಮವರು ಬಿಡೋದಿಲ್ಲ. ಏಳು ಸಣ್ಣ ಹಾರ್ನು, ಒಂದು ಉದ್ದ, ಅದು ಕೇಳಿದ ಕೂಡ್ಲೇ ಮಸ್ಟರ್ ಸ್ಟೇಷನ್‌ಗೆ, ಅಂದ್ರೆ ಎಲ್ರೂ ಬಂದು ಸೇರೋ ಜಾಗಕ್ಕೆ, ಓಡಬೇಕು. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ ಪ್ಯಾಸೆಂಜರ್ ಡ್ರಿಲ್ ಹಡಗು ಬಂದರು ಬಿಡೋ ಮೊದಲೇ ಮುಗಿಸಬೇಕು ಅಂತ ಬಿಗಿ ಮಾಡಿದ್ರು, ಒಳ್ಳೇದೇ ಆಯ್ತು. ವರ್ಷಗಟ್ಟಲೆ ವಾರವಾರ ಇದನ್ನ ಕೇಳಿ ಕೇಳಿ ಮೈಯಲ್ಲೇ ಕೂತುಬಿಡುತ್ತೆ. ಶಿರವಾಡದ ನಮ್ಮ ಗೆಳೆಯನ ಮನೆ ರೈಲು ಹಳಿ ಹತ್ತಿರ, ರಾತ್ರಿ ಗಾಡಿ ಹಾರ್ನ್ ಹೊಡೆದ್ರೆ ಅವನು ನಿದ್ದೆಯಲ್ಲೇ ಎಣಿಸ್ತಾನೆ. ಒಂದು ಸಲ ಡ್ರೈವರ್‌ಗೆ ಹಳಿ ಮೇಲೆ ದನ ಸಿಕ್ಕಿರಬೇಕು, ಸುಮಾರು ಹೊತ್ತು ಬಿಟ್ಟು ಬಿಟ್ಟು ಹೊಡೆದ, ನಮ್ಮವ ಎದ್ದು ಹೆಂಡತಿಗೆ ಇಂಗ್ಲಿಷಲ್ಲಿ, ಮೇಡಂ ಲಿಫ್ಟ್ ಬಳಸಬೇಡಿ, ನನ್ನ ಹಿಂದೆ ಬನ್ನಿ ಅಂತ ಹೇಳಿ ಅಂಗಳಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದ್ದ. ಒಂದೇ ಮಹಡಿ ಮನೆ ಅವನದ್ದು.

ಈಗ ಸಂಜೆ ನಾವೆಲ್ಲ ಕಾರವಾರದ ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ಯುದ್ಧನೌಕೆಯ ಮ್ಯೂಸಿಯಂ ಹತ್ತಿರ ಕೂರ್ತೀವಿ. ಯಾರೋ "ಇವರೆಲ್ಲ ಶಿಪ್ಪಲ್ಲಿದ್ದವರು" ಅಂತ ಹೇಳಿದ್ರೆ ಹುಬ್ಬಳ್ಳಿ ಕಡೆಯ ಟೂರಿಸ್ಟ್‌ಗಳು ಬಂದು ಕೈ ಮುಗೀತಾರೆ, ಮಿಸೈಲ್ ಹ್ಯಾಂಗ ಬಿಡ್ತಿದ್ರಿ ಸರ ಅಂತ ಕೇಳ್ತಾರೆ. ನಾವು ನೇವಿಯವರಲ್ಲ ಅಂದ್ರೆ ಸೀಕ್ರೆಟ್ ಅದ ಅಂತ ತಿಳ್ಕೊಂಡು ಇನ್ನೂ ಗೌರವ ಕೊಡ್ತಾರೆ.

ಕೊನೇದು. ಮಗ ಹಠ ಮಾಡಿ ನಮ್ಮಿಬ್ಬರಿಗೂ ಮುಂಬೈಯಿಂದ ಗೋವಾಕ್ಕೆ ಬರೋ ಕ್ರೂಸ್ ಟಿಕೆಟ್ ಮಾಡಿಸಿದ. ಬೆಳಿಗ್ಗೆ ಐದಕ್ಕೆ ಎಚ್ಚರ ಆಯ್ತು, ಕೈ ಸುಮ್ಮನಿರಲಿಲ್ಲ, ಚಾದರ ಎಳೆದು ಮೂಲೆ ಮಡಚಿ ಹಾಸಿಗೆ ಸರಿ ಮಾಡಿದೆ. ಹೆಂಡತಿ ಬಾತ್‌ರೂಮಿಂದ ಬಂದವಳು, "ಮನೇಲಿ ಒಂದಿನ ಮಾಡಿದವರಲ್ಲ, ದುಡ್ಡು ಕೊಟ್ಟು ಬಂದ ಜಾಗದಲ್ಲಿ ಮಾಡ್ತಿದ್ದೀರಾ?" ಅಂದ್ಲು. ಸ್ಟೀವರ್ಡ್ ಹೊನ್ನಾವರದ ಹುಡುಗ, ಹೊಸಬ, ಪಾಪ. ಅವನು ರಾತ್ರಿ ಟವೆಲಲ್ಲಿ ಮಾಡಿಟ್ಟ ಆನೆಗೆ ಸೊಂಡಿಲು ನಿಲ್ತಿರ್ಲಿಲ್ಲ, ಹಂದಿ ತರ ಕಾಣ್ತಿತ್ತು. ನಾನು ಬಿಚ್ಚಿ ಮತ್ತೆ ಗಟ್ಟಿ ಸುತ್ತಿ ಕೂರಿಸಿದೆ. ಅಷ್ಟರಲ್ಲಿ ಸೂಪರ್‌ವೈಸರ್ ರೌಂಡ್ಸಿಗೆ ಬಂದು ಆನೆ ನೋಡಿ ಹುಡುಗನ ಬೆನ್ನು ತಟ್ಟಿ, ನಾಳೆಯಿಂದ ಈ ಫ್ಲೋರಿನ ಎಲ್ಲ ರೂಮಿಗೂ ನೀನೇ ಮಾಡು ಅಂದುಬಿಟ್ಟ. ಆ ಹುಡುಗ ನನ್ನ ಕಡೆ ನೋಡಿದ ನೋಟ! ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿ ಒಂದು ಟ್ರಾಲಿ ತುಂಬ ಟವೆಲ್ ತಂದು ನಿಲ್ಲಿಸಿದ, "ಅಂಕಲ್, ಇನ್ನು ನೀವೇ ಕಲಿಸಿ" ಅಂತ.