ಮತ್ತೆ ಮತ್ತೆ ಅದೇ ತಪ್ಪು ಮಾಡುವ ಕ್ರೈಸ್ತರು ದೇವರ ಕೃಪೆಯನ್ನು ನಂಬಿಕೊಂಡಿರಬಹುದಾ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ನೀವು ಬರೆದದ್ದು ಇಷ್ಟು: ಪ್ರಾರ್ಥನೆ ಮಾಡುತ್ತೀರಿ, ಇನ್ನು ಮಾಡುವುದಿಲ್ಲ ಅಂತ ದೇವರಿಗೆ ಮಾತು ಕೊಡುತ್ತೀರಿ, ಮತ್ತೆ ಅದೇ ತಪ್ಪಿಗೆ ಬೀಳುತ್ತೀರಿ. ಎಂಟು ತಿಂಗಳಿಂದ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸಕ್ಕೆ, ಎದ್ದು ಹೋಗಿಲ್ಲ. "ನನ್ನಂಥವರು ಕೃಪೆ ಕೃಪೆ ಅಂತಿರೋದು ದೇವರಿಗೆ ಮೋಸ ಮಾಡಿದ ಹಾಗೆ ಅಲ್ವಾ? ಎಷ್ಟು ಸಲ ಅಂತ ಕ್ಷಮಿಸ್ತಾನೆ?" ಅಂತ ಕೇಳಿದ್ದೀರಿ. ತಪ್ಪು ಯಾವುದು ಅಂತ ಬರೆದಿಲ್ಲ. ಇಲ್ಲಿ ಬರೆಯಬೇಕಾಗಿಯೂ ಇಲ್ಲ.

ನಾನು ಸಭಾಪಾಲಕನಲ್ಲ, ಪಾದ್ರಿಯಲ್ಲ. ಗದಗ-ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ಆದರೆ ನಾನೂ ಒಂದೂವರೆ ವರ್ಷ ಆ ಭೋಜನಕ್ಕೆ ಚರ್ಚಿನ ಬೆಂಚಿನಿಂದ ಎದ್ದಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತ ಮನೆತನ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ನಮ್ಮ ಬೆಟಗೇರಿ ತನಕ ಬಂದರು. ಹಾಗಾಗಿ ಕೃಪೆ ಅನ್ನುವ ಮಾತನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಭಾನುವಾರ ಆರಾಧನೆ ಮುಗಿಯುವುದೇ ಆ ಮಾತಿನಿಂದ. ದಿನಾ ಕೇಳಿದ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ನನಗೆ ಅದು ಇಳಿದದ್ದು ಐವತ್ತು ದಾಟಿದ ಮೇಲೆ.

ನನ್ನ ಅವ್ವನಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತು. ಹಗಲೆಲ್ಲ ತಣ್ಣಗೆ ಇರುತ್ತಿದ್ದಳು. ರಾತ್ರಿ ಒಂದು ಗಂಟೆಗೆ ಎದ್ದು ಬಾಗಿಲ ಚಿಲಕ ತೆಗೆಯಲು ನೋಡುತ್ತಿದ್ದಳು. "ನಿಮ್ಮಪ್ಪ ಬಂದ್ರೇನೋ?" ಅಂತ ಕೇಳುತ್ತಿದ್ದಳು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇಲ್ಲವ್ವ, ಮಲಕೋ ಅಂದರೆ ಮಲಗುವಳು, ಹತ್ತು ನಿಮಿಷಕ್ಕೆ ಮತ್ತೆ ಎದ್ದು ಅದೇ ಪ್ರಶ್ನೆ. ಬೆಳಿಗ್ಗೆ ಆರಕ್ಕೆ ನಾನು ಅಂಗಡಿ ತೆಗೆಯಬೇಕು. ಮೊದಮೊದಲು ಗದರಿದೆ. ಆಮೇಲೆ ಕೂಗಾಡಿದೆ. ಒಂದು ರಾತ್ರಿ ಚಿಲಕದ ಮೇಲಿದ್ದ ಅವಳ ಕೈಯನ್ನು ಹಿಡಿದು ಎಳೆದೆ, ಜೋರಾಗಿ. ಮರುದಿನ ಸ್ನಾನ ಮಾಡಿಸುವಾಗ ಹೆಂಡತಿ ಅವ್ವನ ಮಣಿಕಟ್ಟು ತೋರಿಸಿದಳು. ನನ್ನ ನಾಲ್ಕು ಬೆರಳು ನೀಲಿಗಟ್ಟಿ ಮೂಡಿದ್ದವು. ಅವ್ವ ನನ್ನನ್ನು ನೋಡಿ, "ಉಂಡೇನೋ?" ಅಂದಳು.

ಅವಳಿಗೆ ಏನೂ ನೆನಪಿರಲಿಲ್ಲ. ಅದು ನನಗೆ ಸಮಾಧಾನ ಕೊಡಬೇಕಿತ್ತು, ಅಲ್ವಾ? ಕೊಡಲಿಲ್ಲ. ಮರೆತವರು ಕ್ಷಮಿಸಿದ್ದಾರೆ ಅಂತ ಹೇಗೆ ಹೇಳುವುದು? ಆವತ್ತು ದೇವರ ಮುಂದೆ ಅತ್ತು, ಇನ್ನೆಂದೂ ಕೈ ಎತ್ತುವುದಿಲ್ಲ ಅಂದೆ. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಕೂಗಾಡಿದೆ, ಮತ್ತೆ ಎಳೆದಾಡಿದೆ.

ಆಗಿನಿಂದ ಕರ್ತನ ಭೋಜನಕ್ಕೆ ಹೋಗುವುದು ಬಿಟ್ಟೆ. ನಮ್ಮಲ್ಲಿ ಸಾಲು ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. ನಾನು ಬೆಂಚಿನ ತುದಿಯಲ್ಲಿ ಕೂತು, ಹಾದುಹೋಗುವವರಿಗೆ ಕಾಲು ಸರಿಸಿ ದಾರಿ ಬಿಡುತ್ತಿದ್ದೆ. ಕೊನೆಗೆ ಆ ಭಾನುವಾರಗಳಂದು ಅಂಗಡಿಯಲ್ಲಿ ಕೆಲಸ ಇದೆ ಅಂತ ಆರಾಧನೆಗೇ ಹೋಗದಾದೆ.

ಇಲ್ಲಿ ನನ್ನ ವ್ಯಾಪಾರದ ಒಂದು ಮಾತು ಹೇಳಬೇಕು. ಉದ್ರಿ ಬಾಕಿ ಇರುವ ಗಿರಾಕಿ ಅಂಗಡಿ ಮುಂದೆ ಹಾಯುವುದಿಲ್ಲ. ಐನೂರು ರೂಪಾಯಿ ಬಾಕಿ ಇದ್ದರೆ ಮುಖ ಆಚೆ ತಿರುಗಿಸಿ ಹೋಗುತ್ತಾನೆ. ಎರಡು ಸಾವಿರ ದಾಟಿದರೆ ಹಿಂದಿನ ಓಣಿ ಸುತ್ತಿ ಹೋಗುತ್ತಾನೆ. ನಾನು ಬೈದಿರುವುದಿಲ್ಲ, ಕೇಳಿಯೂ ಇರುವುದಿಲ್ಲ. ಅವನು ಬಂದು ಒಂದು ಮಾತಾಡಿದರೆ ಸಾಕು ಅಂತ ನನಗಿರುತ್ತದೆ. ಅವನು ಮಾತ್ರ, ಪೂರಾ ಹಣ ಕೈಗೆ ಬಂದ ಮೇಲೆಯೇ ಮುಖ ತೋರಿಸುತ್ತೇನೆ ಅಂತ ಇರುತ್ತಾನೆ. ಆ ದಿನ ಬರುವುದೇ ಇಲ್ಲ. ಮೂವತ್ತು ವರ್ಷ ಇದನ್ನು ಗಲ್ಲೆಯ ಹಿಂದೆ ಕೂತು ನೋಡಿದವನು ನಾನು. ದೇವರ ವಿಷಯದಲ್ಲಿ ನಾನೇ ಹಿಂದಿನ ಓಣಿ ಹಿಡಿದಿದ್ದೇನೆ ಅಂತ ಮಾತ್ರ ಹೊಳೆಯಲಿಲ್ಲ.

ನಿಮ್ಮನ್ನು ತಡೆದಿರುವುದೂ ಬಹುಶಃ ನನ್ನನ್ನು ತಡೆದ ವಾಕ್ಯವೇ. ಬೈಬಲಿನಲ್ಲಿರುವ, ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಅಯೋಗ್ಯವಾಗಿ ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವವನು ಅಪರಾಧಿ ಅಂತ ಅಲ್ಲಿದೆ. ಅಯೋಗ್ಯರು ಬರಬೇಡಿ ಅಂತ ನಾನು ಅದನ್ನು ಓದಿಕೊಂಡಿದ್ದೆ. ಆದರೆ ಪೌಲ ಬರೆದದ್ದು 'ಅಯೋಗ್ಯರು' ಅಂತಲ್ಲ, 'ಅಯೋಗ್ಯವಾಗಿ' ಅಂತ. ತಿನ್ನುವ ರೀತಿಯ ಬಗ್ಗೆ ಆ ಮಾತು. ಹಾಗೆ ಬರೆಯಲು ಕಾರಣ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಇದೆ. ಕೊರಿಂಥದಲ್ಲಿ ಅದು ತುಂಬು ಊಟ. ಇದ್ದವರು ತಮ್ಮ ತಮ್ಮ ಊಟ ಮೊದಲೇ ಮುಗಿಸಿಬಿಡುತ್ತಿದ್ದರು. ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಇಲ್ಲದವರಿಗೆ ಅವಮಾನ. ಪೌಲನಿಗೆ ಸಿಟ್ಟು ಬಂದದ್ದು ಇದಕ್ಕೆ. ಮುಂದಿನ ಸಾಲನ್ನಂತೂ ನಾನು ಎಷ್ಟು ವರ್ಷ ಸರಿಯಾಗಿ ಓದಿರಲಿಲ್ಲವೋ! ಪ್ರತಿಯೊಬ್ಬನು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ತಿನ್ನಲಿ ಅಂತ ಇದೆ. ಪರೀಕ್ಷೆ ಮಾಡಿಕೊಂಡು ದೂರ ಕೂರಲಿ ಅಂತ ಇಲ್ಲ.

ಮೊದಲ ಸಲ ಆ ರೊಟ್ಟಿ ತಿಂದವರು ಯಾರು ಅಂತ ನೋಡಿ. ನನ್ನನ್ನು ಶತ್ರುಗಳಿಗೆ ಹಿಡಿದುಕೊಡಲಿರುವವನ ಕೈ ನನ್ನ ಜೊತೆ ಊಟದ ಮೇಜಿನ ಮೇಲೇ ಇದೆ ಅಂತ ಯೇಸು ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಕೋಳಿ ಕೂಗುವಷ್ಟರಲ್ಲಿ ಯೇಸುವನ್ನು ಅರಿಯೆ ಅಂತ ಮೂರು ಸಲ ಸುಳ್ಳು ಹೇಳುವ ಶಿಷ್ಯ ಪೇತ್ರ ಅಲ್ಲೇ ಇದ್ದ. ಉಳಿದವರೂ ಅದೇ ರಾತ್ರಿ ಬಿಟ್ಟು ಓಡಿಹೋದರು. ಯೇಸುವಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ.

ಇದೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಮೊದಲು ತಿಳಿಸಿದ್ದು ಅವ್ವ.

ಚರ್ಚಿಗೆ ಬರಲಾಗದವರಿಗೆ ನಮ್ಮ ಸಭಾಪಾಲಕರು ಮನೆಗೇ ಬಂದು ಕರ್ತನ ಭೋಜನ ಕೊಡುತ್ತಾರೆ. ಒಂದು ಸಂಜೆ ಬಂದರು. ಅವ್ವನ ಮಂಚದ ಪಕ್ಕ ಸ್ಟೂಲ್ ಇಟ್ಟು, ಬಿಳಿ ಬಟ್ಟೆ ಹಾಸಿ, ಪುಟ್ಟ ಪಾತ್ರೆ, ಬ್ರೆಡ್ಡಿನ ಚೂರು ಇಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. "ನೀವೂ ಬರ್ರಿ" ಅಂದರು. ಬೇಡ ಅಂತ ತಲೆ ಅಲ್ಲಾಡಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಪ್ರಾರ್ಥಿಸಿ ಅವ್ವನ ಅಂಗೈಯಲ್ಲಿ ಚೂರು ಇಟ್ಟರು. ಅವ್ವ ಅದನ್ನು ತಿರುಗಿಸಿ ನೋಡಿದಳು. ಎರಡು ಮಾಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕಡೆ ಚಾಚಿ, "ಬಾ, ತಿನ್ನು" ಅಂದಳು. ಚಿಕ್ಕವನಿದ್ದಾಗ ರೊಟ್ಟಿ ಮುರಿದು ಕೊಡುತ್ತಿದ್ದಳಲ್ಲ, ಹಾಗೇ. ಚಾಚಿದ್ದು ಅದೇ ಕೈ. ಮಣಿಕಟ್ಟಿನ ಮೇಲೆ ಹಳದಿ ಕಲೆ ಇನ್ನೂ ಇತ್ತು, ಹಿಂದಿನ ವಾರದ್ದು. ನಾನು ಸಭಾಪಾಲಕರ ಮುಖ ನೋಡಿದೆ. "ಅವ್ವಾರು ಕೊಡಾಕತ್ತಾರ, ತಗೋರಿ" ಅಂದರು. ಹೋಗಿ ತಗೊಂಡೆ. ನುಂಗಲು ಬಹಳ ಹೊತ್ತು ಆಯಿತು.

ಸಭಾಪಾಲಕರು ಹೊರಟಾಗ ಗೇಟಿನ ತನಕ ಹೋಗಿ ಎಲ್ಲ ಹೇಳಿದೆ. ಮಣಿಕಟ್ಟಿನದು, ಚಿಲಕದ್ದು, ಎಲ್ಲ. ಅವ್ವನಿಗೆ ನೆನಪಿಲ್ಲ, ಹಾಗಾಗಿ ಅವಳ ಹತ್ತಿರ ಕ್ಷಮೆ ಕೇಳಿದರೂ ಅರ್ಥವಿಲ್ಲ ಅಂದೆ. ಅವರು ಯೆರೆಮೀಯನ 31ನೇ ಅಧ್ಯಾಯ ನೆನಪಿಸಿದರು. ಜನರ ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ ಅಂತ ದೇವರು ಅಲ್ಲಿ ಹೇಳುತ್ತಾನೆ. ನೆನಪಿಗೆ ಬಾರದೆ ಇರುವುದು ಬೇರೆ, ನೆನಪಿಗೆ ತಾರದೆ ಇರುವುದು ಬೇರೆ, ಅವ್ವನದು ಮೊದಲನೆಯದು, ದೇವರದು ಎರಡನೆಯದು ಅಂದರು. ಅವನಿಗೆ ಎಲ್ಲ ಗೊತ್ತು, ಆ ಬೆರಳಿನ ಗುರುತು ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನನ್ನ ಮುಂದೆ ಎತ್ತಿ ಹಿಡಿಯುವುದಿಲ್ಲ.

ಈಗ ನಿಮ್ಮ 'ಎಷ್ಟು ಸಲ' ಅನ್ನುವ ಪ್ರಶ್ನೆ. ಪೇತ್ರನೂ ಇದನ್ನೇ ಕೇಳಿದ್ದ, ಮತ್ತಾಯನ 18ನೇ ಅಧ್ಯಾಯದಲ್ಲಿ. ತನಗೆ ತಪ್ಪು ಮಾಡಿದ ಸಹೋದರನಿಗೆ ಏಳು ಸಲ ಕ್ಷಮಿಸಿದರೆ ಸಾಕಾ ಅಂತ. ಏಳಲ್ಲ, ಏಳು ಎಪ್ಪತ್ತು ಸಲ ಅಂತ ಹೇಳಿ ಯೇಸು ಒಂದು ಕಥೆ ಹೇಳಿದ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಲೆಕ್ಕ ಹಾಕಿದರೆ 6 ಕೋಟಿ ದಿನ ಆಯಿತು. ಒಂದು ದಿನವೂ ರಜೆ ಇಲ್ಲದೆ, ಕೂಲಿಯಲ್ಲಿ ಒಂದು ಕಾಸೂ ತಿನ್ನದೆ ದುಡಿದರೂ 1,64,000 ವರ್ಷ ಬೇಕು. ಅಂಥವನು ರಾಜನ ಕಾಲಿಗೆ ಬಿದ್ದು ಕೇಳಿದ್ದೇನು? ತಾಳ್ಮೆ ತಗೋ, ಎಲ್ಲ ಕೊಟ್ಟು ತೀರಿಸುತ್ತೇನೆ ಅಂತ. ಅವನು ಕೇಳಿದ್ದು ವಾಯಿದೆ. ರಾಜ ವಾಯಿದೆ ಕೊಡಲಿಲ್ಲ. ಸಾಲವನ್ನೇ ಬಿಟ್ಟುಬಿಟ್ಟ.

ನಾವು ಪ್ರತಿ ಸಲ ಬಿದ್ದಾಗ ಇನ್ನು ಮಾಡುವುದಿಲ್ಲ, ಇದೊಂದು ಸಲ ಬಿಡು ಅನ್ನುತ್ತೇವಲ್ಲ, ಅದೂ ವಾಯಿದೆ ಕೇಳುವುದೇ. ಮುಂದೆ ಒಳ್ಳೆಯವನಾಗಿ ಬಾಕಿ ತೀರಿಸುತ್ತೇನೆ ಅನ್ನುವ ಮಾತು. ಆಮೇಲೆ ಆ ಮಾತು ತಪ್ಪಿದಾಗ ಮುಖ ತೋರಿಸಲಾಗುವುದಿಲ್ಲ. ನೀವು ಮೋಸ ಅನ್ನುತ್ತಿರುವುದು, ನನಗೆ ಕಾಣುವ ಮಟ್ಟಿಗೆ, ಈ ತಪ್ಪಿದ ವಾಯಿದೆಗಳನ್ನು. ದೇವರು ಅಂಥ ವಾಯಿದೆ ಬರೆಸಿಕೊಂಡೇ ಇಲ್ಲ. ಕರ್ತನ ಪ್ರಾರ್ಥನೆಯಲ್ಲಿ ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುತ್ತೇವೆ. ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವುದು ಸಾಲ ಅನ್ನುವ ಪದ. ನಮ್ಮ ಸಾಲಗಳನ್ನು ಬಿಟ್ಟುಬಿಡು ಅಂತ. ಇದು ತಿಳಿದ ದಿನ ನನ್ನ ಉದ್ರಿ ಪುಸ್ತಕ ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಆದರೆ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಆಳು ಹೊರಗೆ ಹೋಗಿ, ತನಗೆ ಬರೀ ನೂರು ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ಅದನ್ನು ಕೇಳಿದ ರಾಜನಿಗೆ ಕೋಪ ಬಂತು. ಈ ಭಾಗ ಓದಿದಾಗ ನನಗೆ ಅವ್ವನ ಮಣಿಕಟ್ಟೇ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ನಿಮಗೆ ಪೂರ್ತಿ ನಿಜ ಹೇಳಬೇಕು. ಆ ಸಂಜೆಯ ನಂತರವೂ ನಾನು ಕೂಗಾಡಿದ್ದೇನೆ. ಹದಿನೈದು ದಿನವೂ ಆಗಿರಲಿಲ್ಲ. ಬದಲಾದದ್ದು ಏನು ಅಂದರೆ, ಅಡಗಿಕೊಳ್ಳುವುದು ನಿಂತಿತು. ಮೊದಲು ತಪ್ಪು ಮಾಡಿದರೆ ತಿಂಗಳುಗಟ್ಟಲೆ ದೂರ ಇರುತ್ತಿದ್ದೆ. ಈಗ ಆ ರಾತ್ರಿಯೇ ಅವಳ ಕಾಲ ಹತ್ತಿರ ಕೂತು, "ಅವ್ವ, ತಪ್ಪಾತು" ಅನ್ನುತ್ತಿದ್ದೆ. ಅವಳಿಗೆ ತಿಳಿಯದಿದ್ದರೂ ಅನ್ನುತ್ತಿದ್ದೆ. ಒಳ್ಳೆಯ ಮಗ ಅನ್ನುವ ಹೆಸರು ಉಳಿಸಿಕೊಳ್ಳಲು ತಮ್ಮನಿಗೂ ತಂಗಿಗೂ ಏನೂ ಹೇಳಿರಲಿಲ್ಲ. ಒಂದು ಭಾನುವಾರ ಇಬ್ಬರನ್ನೂ ಕರೆದು, ನನ್ನ ಕೈಲಿ ಆಗುತ್ತಿಲ್ಲ, ಅವ್ವನ ಮೇಲೆ ಕೈ ಮಾಡಿದ್ದೇನೆ ಅಂತ ಹೇಳಿದೆ. ತಂಗಿ ಅತ್ತಳು. ತಮ್ಮ ಒಂದು ವಾರ ಮಾತಾಡಲಿಲ್ಲ. ಆಮೇಲೆ ಮೂವರೂ ಹಣ ಹಾಕಿ ರಾತ್ರಿ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಇಟ್ಟೆವು. ನಾನು ರಾತ್ರಿ ನಿದ್ದೆ ಮಾಡತೊಡಗಿದೆ. ಕೂಗಾಟ ಮುಕ್ಕಾಲು ಭಾಗ ಅಲ್ಲಿಗೇ ಇಳಿಯಿತು. ಕೃಪೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಆ ಮಾತು ತಮ್ಮನ ಮುಂದೆ ನನ್ನ ಬಾಯಿಂದ ಬರುತ್ತಿರಲಿಲ್ಲ. ದೇವರ ಮುಂದೆ ಮಾನ ಉಳಿಸಿಕೊಳ್ಳುವ ಕೆಲಸ ಮುಗಿದರೆ, ಜನರ ಮುಂದೆ ನಿಜ ಹೇಳಲು ಸ್ವಲ್ಪ ಧೈರ್ಯ ಬರುತ್ತದೆ.

ಹಾಗಾದರೆ ಕೃಪೆ ಇದೆ ಅಂತ ತಪ್ಪು ಮಾಡುತ್ತಲೇ ಇರಬಹುದಾ ಅಂತ ಯಾರಾದರೂ ಕೇಳುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಈ ಪ್ರಶ್ನೆ ಎತ್ತಿ, ಖಂಡಿತ ಇಲ್ಲ ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲೇ, ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ನರಳುತ್ತಾನೆ. ಎರಡೂ ಒಂದೇ ಪತ್ರದಲ್ಲಿವೆ. ನನಗೆ ಅದು ದೊಡ್ಡ ಆಸರೆ.

ಪೇತ್ರನ ಕಥೆಯ ಕೊನೆಯನ್ನೂ ಓದಿ, ಯೋಹಾನನ 21ನೇ ಅಧ್ಯಾಯ. ಅವನು ಯೇಸುವನ್ನು ಅರಿಯೆ ಅಂದದ್ದು ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ. ಯೇಸು ಎದ್ದುಬಂದ ಮೇಲೆ ಕೆರೆಯ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ. ಹೊಸ ಒಡಂಬಡಿಕೆಯ ಮೂಲದಲ್ಲಿ ಆ ಪದ ಇರುವುದು ಈ ಎರಡೇ ಕಡೆ. ಪೇತ್ರನಿಗೆ ಆ ಹೊಗೆಯ ವಾಸನೆ ಹೇಗೆ ತಾಗಿರಬೇಕು! ಬೆಂಕಿಯ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅಂತ ಯೇಸು ಮೊದಲು ಕರೆದ. ಊಟ ಆದ ಮೇಲೆ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರು ಸಲ. ಮೂರನೆಯದಕ್ಕೆ ಪೇತ್ರನಿಗೆ ನೋವಾಯಿತು ಅಂತ ಬರೆದಿದೆ. ತಪ್ಪನ್ನು ಯೇಸು ಹಾಗೇ ಹಾರಿಸಿ ಬಿಡಲಿಲ್ಲ. ಮುಟ್ಟಿದ. ಆದರೆ ಹೊಟ್ಟೆಗೆ ಹಾಕಿ ಆಮೇಲೆ ಮುಟ್ಟಿದ. ನಮ್ಮ ಮನೆಗಳಲ್ಲೂ ಹಿರಿಯರು ಹಾಗೇ ಅಲ್ವಾ, ಮೊದಲು ಉಣ್ಣು, ಮಾತು ಆಮೇಲೆ ಅನ್ನುತ್ತಾರೆ.

ಅವ್ವ ಹೋಗಿ ಮೂರು ವರ್ಷ ಆಯಿತು. ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಅಂಗಡಿಯ ಹುಡುಗನ ಮೇಲೆ ಹರಿಹಾಯ್ದು, ಸಂಜೆ ಅವನ ಮನೆಗೆ ಹೋಗಿ ಬಂದೆ.

ನಿಮ್ಮ ಸಭೆಯಲ್ಲಿ ಕರ್ತನ ಭೋಜನ ಯಾವ ಭಾನುವಾರವೋ, ಆ ದಿನ ಹೋಗಿ. ನಿಮ್ಮ ತಪ್ಪಿನಿಂದ ಯಾರಾದರೂ ನೊಂದಿದ್ದರೆ ಶನಿವಾರ ರಾತ್ರಿ ಅವರಿಗೆ ಫೋನ್ ಮಾಡಿ. ಯಾರಿಗಾದರೂ ನಿಮ್ಮಿಂದ ಪೆಟ್ಟಾಗುತ್ತಿದ್ದರೆ, ನಾನು ಮಾಡಿದ ಹಾಗೆ ಒಂದೂವರೆ ವರ್ಷ ಮುಚ್ಚಿಡಬೇಡಿ. ನಂಬಿಕೆಯ ಒಬ್ಬರಿಗೆ ಇವತ್ತೇ ಹೇಳಿ. ನೊಂದವರು ಫೋನ್ ಎತ್ತದಿದ್ದರೂ ಭಾನುವಾರ ಹೋಗಿ. ಎಂಟು ತಿಂಗಳ ನಂತರ ಎದ್ದಿರಿ ಅಂತ ಅಕ್ಕಪಕ್ಕದವರು ತಿರುಗಿ ನೋಡಬಹುದು. ನನ್ನನ್ನೂ ನೋಡಿದರು. ಕಾಲು ಸರಿಸಿ ದಾರಿ ಬಿಟ್ಟರು.