ಅಕ್ರೊಪೊರಾ ಹವಳಗಳು ಏಕೆ ಬೆಳ್ಳಗಾಗುತ್ತಿವೆ?

ಪ್ರಶ್ನೆ: ಮನೆಯಲ್ಲಿ 300 ಲೀಟರಿನ ಹವಳದ ತೊಟ್ಟಿಯಿದೆ. ಇತ್ತೀಚೆಗೆ ಅಕ್ರೊಪೊರಾ ಎಂಬ ಕವಲೊಡೆಯುವ ಗಟ್ಟಿ ಹವಳಗಳ ತುದಿಗಳು ಸುಟ್ಟಂತೆ ಬೆಳ್ಳಗಾಗಿವೆ. ಒಂದರಲ್ಲಿ ಬುಡದಿಂದಲೂ ಚರ್ಮ ಕಳಚುತ್ತಿದೆ. ಮೀನು, ಸಿಗಡಿ, ಬಸವನಹುಳು, ಮೆದು ಹವಳಗಳು ಚೆನ್ನಾಗಿವೆ. ಕಳೆದ ತಿಂಗಳು ಬೇರೆ ಕಂಪನಿಯ ಉಪ್ಪು ಬಳಸತೊಡಗಿದೆ. ದಿನನಿತ್ಯದ ಡೋಸಿಂಗ್ (ಹವಳಗಳು ಬಳಸಿಕೊಳ್ಳುವ ಖನಿಜಗಳನ್ನು ನೀರಿಗೆ ಸೇರಿಸುವುದು) ಮೊದಲಿನಂತೆಯೇ ಇದೆ. ಆಲ್ಕಲಿನಿಟಿ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ; ಇದರ ಮಾನ ಡಿಕೆಎಚ್) 8ರಿಂದ 11.5 ಡಿಕೆಎಚ್‌ಗೆ ಏರಿದೆ, ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆ. ಯಾವ ಔಷಧ ಹಾಕಲಿ?
– ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ದಯವಿಟ್ಟು ಸದ್ಯಕ್ಕೆ ಯಾವ ಔಷಧವನ್ನೂ ಹಾಕಬೇಡಿ. ಸಿಗಡಿ, ಬಸವನಹುಳುಗಳು ಆರೋಗ್ಯವಾಗಿವೆ ಎಂದು ತಿಳಿಸಿದ್ದು ಬಹಳ ಉಪಕಾರವಾಯಿತು. ನೀರಿಗೆ ತಾಮ್ರ ಸೇರಿದ್ದರೆ ಮೀನಿಗಿಂತ ಮೊದಲು ಅವೇ ಸಾಯುತ್ತಿದ್ದವು. ಹವಳವು ಕೇವಲ ಬಣ್ಣಗೆಟ್ಟಿದ್ದರೆ, ಅಂದರೆ ಅದರೊಳಗಿನ ಪಾಚಿ ಹೊರಟುಹೋಗಿದ್ದರೆ, ಪಾರದರ್ಶಕವಾದ ಚರ್ಮ ಮತ್ತು ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಭೂತಗನ್ನಡಿಯಲ್ಲಿ ಇನ್ನೂ ಕಾಣುತ್ತವೆ. ನಿಮ್ಮಲ್ಲಿ ಚರ್ಮವೇ ಹೋಗಿ ಸುಣ್ಣದ ಹಂದರ ಬಯಲಾಗುತ್ತಿದೆ. ಅದೂ ತುದಿಯಿಂದ ಆರಂಭವಾಗಿದೆ. ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶಗಳು ಸೊನ್ನೆಯಾಗಿರುವ ನೀರಿನಲ್ಲಿ ಆಲ್ಕಲಿನಿಟಿ ಏರಿದಾಗ ಹವಳ ಸಾಕುವವರು ಮತ್ತೆ ಮತ್ತೆ ಕಂಡಿರುವ ಲಕ್ಷಣವಿದು. ಹೊಸ ಉಪ್ಪಿನಲ್ಲಿ ಆಲ್ಕಲಿನಿಟಿ ಹೆಚ್ಚಿದ್ದು, ಅದರ ಮೇಲೆ ಹಳೆಯ ಡೋಸಿಂಗ್ ಮುಂದುವರಿದದ್ದೇ ಕಾರಣವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಈ ತೀರ್ಮಾನಕ್ಕೆ ಮೊದಲು ಲವಣಾಂಶವನ್ನು ಅಳೆಯಲೇಬೇಕು, ಏಕೆಂದರೆ ಉಪ್ಪು ಅತಿಯಾಗಿ ಬೆರೆತಿದ್ದರೂ ಆಲ್ಕಲಿನಿಟಿ ಹೀಗೆಯೇ ಏರುತ್ತದೆ. ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದ ರಿಫ್ರ್ಯಾಕ್ಟೋಮೀಟರ್ (ಲವಣಾಂಶ ಅಳೆಯುವ ಉಪಕರಣ) 35ರ ಬಳಿ ತಪ್ಪು ತೋರಿಸಬಹುದಾದ್ದರಿಂದ ಅದನ್ನು 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಲವಣಾಂಶದ) ಮಾನಕ ದ್ರಾವಣದಿಂದಲೇ ಸರಿಪಡಿಸಿಕೊಳ್ಳಿ. ಸೊನ್ನೆ ತೋರಿಸಿದ ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಗಳೆರಡನ್ನೂ ಬೇರೆ ಕಿಟ್‌ನಿಂದ ಇನ್ನೊಮ್ಮೆ ಮಾಡಿ.

ಲವಣಾಂಶ ಸರಿಯಿದ್ದರೆ ಆಲ್ಕಲಿನಿಟಿಯ ಡೋಸಿಂಗನ್ನು ಮಾತ್ರ ನಿಲ್ಲಿಸಿ, ಹವಳಗಳೇ ಅದನ್ನು ಬಳಸಿ ಇಳಿಸಲು ಬಿಡಿ. ಆತುರಪಟ್ಟು ಆಮ್ಲ ಸುರಿಯುವುದು ಎರಡನೆಯ ಆಘಾತವಾದೀತು. ಪ್ರತಿದಿನ ಒಂದೇ ಹೊತ್ತಿಗೆ ಅಳೆಯಿರಿ. ಇಳಿಕೆ ದಿನಕ್ಕೆ 1 ಡಿಕೆಎಚ್ ಮೀರದಿರಲಿ, 8.5ರ ಸುತ್ತ ಬಂದಾಗ ಕಡಿಮೆ ಪ್ರಮಾಣದಲ್ಲಿ ಡೋಸಿಂಗ್ ಆರಂಭಿಸಿ. ಫಾಸ್ಫೇಟ್ ಹೀರುವ ಮಾಧ್ಯಮವಿದ್ದರೆ ತೆಗೆದು, ಮೀನುಗಳಿಗೆ ಆಹಾರವನ್ನು ಸ್ವಲ್ಪ ಹೆಚ್ಚಿಸಿ, ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇರುವಂತೆ ನಿಧಾನವಾಗಿ ಏರಿಸಿ. ದೀಪ, ಪಂಪು, ಉಪ್ಪು ಯಾವುದನ್ನೂ ಈಗ ಬದಲಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಬುಡದಿಂದ ಕಳಚುತ್ತಿರುವ ಹವಳವನ್ನು ಕಾಯುತ್ತಾ ಕೂರಬೇಡಿ. ಚರ್ಮ ಹಿಂಜರಿಯುತ್ತಿರುವ ಗೆರೆಗಿಂತ ಸಾಕಷ್ಟು ಮೇಲೆ ಆರೋಗ್ಯವಂತ ಕೊಂಬೆಯನ್ನು ಕತ್ತರಿಸಿ ಬೇರೆಡೆ ಅಂಟಿಸಿ. ಉಳಿದ ಬುಡದಲ್ಲಿ ಚಪ್ಪಟೆಹುಳುಗಳು ಕಚ್ಚಿದ ದುಂಡು ಕಲೆಗಳೋ ಕಂದು ಮೊಟ್ಟೆಗಳೋ ಇವೆಯೇ ಎಂದು ನೋಡಿ. ಇದ್ದರೆ ಅದು ಪ್ರತ್ಯೇಕ ತೊಂದರೆ, ಅದಕ್ಕೆ ತೊಟ್ಟಿಯ ಹೊರಗೆ ಹವಳವನ್ನು ಅದ್ದಿ ತೆಗೆಯುವ ದ್ರಾವಣ ಬೇಕಾಗುತ್ತದೆ.

ಇದನ್ನು ಓದುವ ಕರ್ನಾಟಕದ ಆಸಕ್ತರಿಗೆ ಒಂದು ಮಾತು: ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸಮುದ್ರದಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ.