ಕ್ಯೂ ದಾಟಲು ದುಡ್ಡು ಕೊಟ್ಟೆವು, ರೈಡೇ ಬಂದ್ ಆಗಿತ್ತು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಬೇಸಿಗೆ ರಜೆ ಹತ್ತಿರವಾದಂತೆ ಥೀಮ್ ಪಾರ್ಕ್‌ಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಹೆಚ್ಚಿನವು ಎರಡು ವಿಷಯ ಕೇಳುತ್ತವೆ: ಪ್ರವೇಶ ಟಿಕೆಟ್‌ನ ಮೇಲೆ ಕೊಡುವ ಹೆಚ್ಚುವರಿ ಹಣ ಮತ್ತು ಪದೇ ಪದೇ ಕೆಟ್ಟು ನಿಲ್ಲುವ ರೈಡ್‌ಗಳು. ಅವುಗಳಲ್ಲಿ ನಾಲ್ಕು ಪ್ರಶ್ನೆಗಳಿಗೆ ರೈಡ್ ನಿರ್ವಹಣೆಯಲ್ಲಿ ಅನುಭವವಿರುವ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಸ್ವಲ್ಪ ಎತ್ತರವಾದ ಮೇಲೆ ಕಿಂಗ್ಡಾ ಕಾ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಅದನ್ನು ಸಿಡಿಮದ್ದು ಇಟ್ಟು ಕೆಡವಿಯೇ ಬಿಟ್ಟರು. ಪ್ರಪಂಚದಲ್ಲೇ ಎತ್ತರದ ರೋಲರ್ ಕೋಸ್ಟರ್, ಇಪ್ಪತ್ತು ವರ್ಷವೂ ಆಗಿರಲಿಲ್ಲ. ರಿಪೇರಿ ಮಾಡಿ ಉಳಿಸಿಕೊಳ್ಳಬಹುದಿತ್ತಲ್ಲವೇ? ಅಥವಾ ಅದು ಅಪಾಯಕಾರಿಯಾಗಿತ್ತೇ?

ಮುಚ್ಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮುಚ್ಚಿದ ರೀತಿ ಸರಿಯಿರಲಿಲ್ಲ.

ನಿಮ್ಮ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕ್‌ನಲ್ಲಿ 2005ರ ಮೇ ತಿಂಗಳಲ್ಲಿ ಶುರುವಾದ ಈ ಕೋಸ್ಟರ್‌ನ ಎತ್ತರ 456 ಅಡಿ, ಅಂದರೆ 139 ಮೀಟರ್. ಹದಿನೆಂಟು ಜನ ಕೂತ ಟ್ರೇನ್ ನಿಂತಲ್ಲಿಂದ ಹೊರಟು ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ ಮುಟ್ಟಬೇಕಿತ್ತು. ಸರಪಳಿಯಿಂದ ನಿಧಾನವಾಗಿ ಮೇಲಕ್ಕೆ ಎಳೆಯುವ ಹಳೆಯ ಪದ್ಧತಿಯಲ್ಲಿ ಇದು ಆಗದ ಮಾತು. ಹಾಗಾಗಿ ಇಂಟಮಿನ್ ಕಂಪನಿಯ ಹೈಡ್ರಾಲಿಕ್ ಲಾಂಚ್ ಬಳಸಿದ್ದರು. ಪಂಪುಗಳು ಎಣ್ಣೆಯನ್ನು ತಳ್ಳಿ ದೊಡ್ಡ ಸಿಲಿಂಡರುಗಳಲ್ಲಿರುವ ನೈಟ್ರೋಜನ್ ಅನಿಲವನ್ನು ಅದುಮುತ್ತವೆ. ಕವಾಟ ತೆರೆದ ಕೂಡಲೇ ಆ ಎಣ್ಣೆ ಹಲವು ಮೋಟಾರುಗಳ ಮೂಲಕ ನುಗ್ಗಿ ಒಂದೇ ಒಂದು ದೈತ್ಯ ಡ್ರಮ್ ಅನ್ನು ತಿರುಗಿಸುತ್ತದೆ. ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ. ಹಗ್ಗದ ತುದಿಯ ಕೊಂಡಿಬಂಡಿ ಟ್ರೇನನ್ನು ಎಳೆದೊಯ್ದು, ಸರಿಯಾದ ಕ್ಷಣದಲ್ಲಿ ಕಳಚಿಕೊಂಡು, ಮುಂದಿನ ಟ್ರೇನಿಗಾಗಿ ಹಿಂದಕ್ಕೆ ಬರಬೇಕು. ಅಷ್ಟರೊಳಗೆ ಪಂಪುಗಳು ಒತ್ತಡವನ್ನು ಮತ್ತೆ ಭರ್ತಿ ಮಾಡಬೇಕು. ಬೆಳಗಿನಿಂದ ರಾತ್ರಿವರೆಗೆ ಇದೇ ಕೆಲಸ, ಪ್ರತಿ ಸಲವೂ ಪೂರ್ತಿ ಬಲದಿಂದ.

ಇಷ್ಟೊಂದು ಭಾಗಗಳು ಇಷ್ಟೊಂದು ಬಲದಲ್ಲಿ ಕೆಲಸ ಮಾಡುವಾಗ ಹಗ್ಗ ಸವೆಯುತ್ತದೆ, ಸೀಲು ಸೋರುತ್ತದೆ, ಎಣ್ಣೆ ಬಿಸಿಯಾಗುತ್ತದೆ. ಯಾವುದೇ ಸೆನ್ಸರ್‌ನ ಅಳತೆ ಒಂದಿಷ್ಟು ಆಚೀಚೆಯಾದರೂ ಕಂಪ್ಯೂಟರ್ ಲಾಂಚ್‌ಗೆ ಒಪ್ಪುವುದಿಲ್ಲ. ಶುರುವಾದ ವರ್ಷವೇ ಜೂನ್‌ನಲ್ಲಿ ಒಂದು ಬೋಲ್ಟ್ ಕೈಕೊಟ್ಟು ಲಾಂಚ್ ಹಗ್ಗ ಹಾಳಾಯಿತು. ರೈಡ್ ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಮಳೆ ಬಂದರೆ ನಿಲ್ಲುತ್ತಿತ್ತು, ಗಾಳಿ ಜೋರಾದರೂ ನಿಲ್ಲುತ್ತಿತ್ತು. ಗಂಟೆಗಟ್ಟಲೆ ಕಾದ ಜನ ಹತ್ತದೆಯೇ ಮನೆಗೆ ಹೋದ ದಿನಗಳು ಅದರ ಇತಿಹಾಸದಲ್ಲಿ ಬೇಕಾದಷ್ಟಿವೆ.

ಅಪಾಯಕಾರಿಯಾಗಿತ್ತೇ ಎಂದು ಕೇಳಿದ್ದೀರಿ. ಪದೇ ಪದೇ ನಿಲ್ಲುವುದು ಬೇರೆ, ಅಪಾಯ ಬೇರೆ. ಅಳತೆ ತಪ್ಪಿದಾಗ ಹೊರಡಲು ನಿರಾಕರಿಸುವ ರೈಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಜಪಾನಿನ ಫುಜಿ-ಕ್ಯೂ ಹೈಲ್ಯಾಂಡ್ ಪಾರ್ಕ್‌ನ ಡೊ-ಡೊಡೊನ್ಪಾ ಎಂಬ ಕೋಸ್ಟರ್‌ನ ಕಥೆ ಬೇರೆ. ಅಲ್ಲಿ ಹತ್ತಿದವರಿಗೆ ಮೂಳೆ ಮುರಿದ ದೂರುಗಳು ಬಂದು 2021ರಲ್ಲಿ ನಿಲ್ಲಿಸಿದರು, 2024ರಲ್ಲಿ ಶಾಶ್ವತವಾಗಿ ಮುಚ್ಚುವುದಾಗಿ ಹೇಳಿದರು. ಕಿಂಗ್ಡಾ ಕಾ ಆ ಸಾಲಿಗೆ ಸೇರುವುದಿಲ್ಲ. ಅದನ್ನು ಓಡಿಸುವ ಶ್ರಮ ಮತ್ತು ಖರ್ಚಿಗೂ ಅದು ನಿಜವಾಗಿ ಓಡಿದ ಗಂಟೆಗಳಿಗೂ ತಾಳೆಯಾಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಹೊಸ ಹೂಡಿಕೆಗಾಗಿ ಜಾಗ ಬೇಕು ಎಂಬುದು ಕಂಪನಿ ಕೊಟ್ಟ ಕಾರಣ.

ಇನ್ನು ರಿಪೇರಿಯ ಮಾತು. ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಇದರ ಅಕ್ಕನಂತಿದ್ದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ 2003ರಿಂದ ಓಡುತ್ತಿತ್ತು, ಎತ್ತರ 420 ಅಡಿ. 2021ರ ಆಗಸ್ಟ್‌ನಲ್ಲಿ ಟ್ರೇನಿನಿಂದ ಕಳಚಿದ ಲೋಹದ ತುಂಡೊಂದು ಕ್ಯೂನಲ್ಲಿ ನಿಂತಿದ್ದ ಮಹಿಳೆಗೆ ಬಡಿದು ಗಂಭೀರ ಗಾಯವಾಯಿತು. ಅಲ್ಲಿ ಗೋಪುರವನ್ನು ಉಳಿಸಿಕೊಂಡು, ಹೈಡ್ರಾಲಿಕ್ ತೆಗೆದು ವಿದ್ಯುತ್ಕಾಂತದಿಂದ ತಳ್ಳುವ ಮೋಟಾರು ಹಾಕಿದರು, ಹೊಸ ಟ್ರೇನುಗಳನ್ನು ತಂದರು. ಟಾಪ್ ಥ್ರಿಲ್ 2 ಎಂಬ ಹೆಸರಲ್ಲಿ 2024ರ ಮೇ ತಿಂಗಳಲ್ಲಿ ತೆರೆದದ್ದು ಒಂದು ವಾರದ ಆಸುಪಾಸಿನಲ್ಲೇ ನಿಂತುಹೋಯಿತು. ಟ್ರೇನುಗಳನ್ನು ಮತ್ತೆ ತಿದ್ದಿ 2025ರಲ್ಲಿ ತೆರೆಯಬೇಕಾಯಿತು. ರಿಪೇರಿ ಎಂದರೆ ಇಷ್ಟು. ಎಲ್ಲ ಪಾರ್ಕ್‌ಗಳಿಗೂ ಇದು ಸಾಧ್ಯವಾಗುವುದಿಲ್ಲ.

ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. ಕಿಂಗ್ಡಾ ಕಾ ಕೊನೆಯದಾಗಿ ಓಡಿದ್ದು 2024ರ ನವೆಂಬರ್ 10ರಂದು. ಇನ್ನು ತೆರೆಯುವುದಿಲ್ಲ ಎಂದು ಪಾರ್ಕ್ ಹೇಳಿದ್ದು ಅದಾದ ಮೇಲೆ. ವರ್ಷದ ಪಾಸ್ ಕೊಂಡವರು, ನಿಮ್ಮ ಹಾಗೆ ಮಕ್ಕಳಿಗೆ ಮಾತು ಕೊಟ್ಟವರು ಕೊನೆಯ ಸಲ ಹತ್ತುವ ಅವಕಾಶವನ್ನೂ ಕಳೆದುಕೊಂಡರು. 2025ರ ಫೆಬ್ರವರಿ 28ಕ್ಕೆ ಗೋಪುರ ನೆಲಕ್ಕೆ ಬಿತ್ತು. ಯೂನಿವರ್ಸಲ್ ಆರ್ಲ್ಯಾಂಡೊದಲ್ಲಿ ಹಾಲಿವುಡ್ ರಿಪ್ ರೈಡ್ ರಾಕಿಟ್ ಕೂಡ ಕೆಟ್ಟು ನಿಲ್ಲುವುದಕ್ಕೆ ಹೆಸರಾಗಿತ್ತು. ಅದನ್ನು 2025ರ ಆಗಸ್ಟ್‌ನಲ್ಲಿ ಮುಚ್ಚಿದಾಗ ಮೊದಲೇ ದಿನಾಂಕ ತಿಳಿಸಿದರು. ಜನರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.

ಮಗಳನ್ನು ಅದೇ ಪಾರ್ಕ್‌ನ ನೈಟ್ರೋಗೆ ಕರೆದೊಯ್ಯಿರಿ. 2001ರಿಂದ ಓಡುತ್ತಿದೆ. ಸರಪಳಿ ಎಳೆತ, 230 ಅಡಿ ಎತ್ತರ, ಹತ್ತಲು 54 ಇಂಚು ಎತ್ತರವಿರಬೇಕು. ದಾಖಲೆ ಮುರಿಯದಿದ್ದರೂ, ಸರಳ ಯಂತ್ರವಾದ್ದರಿಂದ ನೀವು ಹೋದ ದಿನ ಓಡುತ್ತಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ರೋಲರ್ ಕೋಸ್ಟರ್ ಮೇಲೆಯೇ ನಿಂತುಬಿಟ್ಟರೆ ಹೆದರಬೇಕೆ? (ಹಾಸನ)

ಬಹುತೇಕ ಸಂದರ್ಭಗಳಲ್ಲಿ ಬೇಡ. ಹಳಿಯನ್ನು ರೈಲ್ವೆಯವರಂತೆಯೇ ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕ್‌ನಲ್ಲಿ ಒಂದೇ ಟ್ರೇನ್ ಇರಬೇಕು. ಮುಂದಿನದು ಖಾಲಿಯಿಲ್ಲ ಎಂದರೆ ಹಿಂದಿನ ಟ್ರೇನ್ ತಾನಾಗಿ ನಿಲ್ಲುತ್ತದೆ. ನಿಮ್ಮನ್ನು ಸೀಟಿಗೆ ಹಿಡಿದಿಡುವ ಬಾರ್ ತೆಗೆಯಲು ಹೋಗದೆ ಸುಮ್ಮನೆ ಕುಳಿತಿರಿ, ಸಿಬ್ಬಂದಿ ಬಂದು ಇಳಿಸುತ್ತಾರೆ.

ಹೆದರಬೇಕಾದ್ದು, ನಿಂತದ್ದನ್ನು ಅವಸರದಲ್ಲಿ ಮತ್ತೆ ಓಡಿಸುವುದಕ್ಕೆ. 2015ರ ಜೂನ್‌ನಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್‌ನ ದಿ ಸ್ಮೈಲರ್ ಕೋಸ್ಟರ್‌ನಲ್ಲಿ ಖಾಲಿ ಟ್ರೇನೊಂದು ಹಳಿಯ ಮೇಲೆ ಸಿಕ್ಕಿಕೊಂಡಿತ್ತು. ಕಂಪ್ಯೂಟರ್ ಹಿಂದಿನ ಟ್ರೇನನ್ನು ಸರಿಯಾಗಿಯೇ ತಡೆದಿತ್ತು. ಎಂಜಿನಿಯರುಗಳು ಅದನ್ನು ಸುಳ್ಳು ಸೂಚನೆ ಎಂದುಕೊಂಡು ತಡೆಯನ್ನು ಮೀರಿ ಟ್ರೇನ್ ಬಿಟ್ಟರು. ಹದಿನಾರು ಜನರಿದ್ದ ಟ್ರೇನ್ ಖಾಲಿ ಟ್ರೇನಿಗೆ ಗುದ್ದಿತು, ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ಆ ಪಾರ್ಕ್ ನಡೆಸುವ ಮರ್ಲಿನ್ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಆದ್ದರಿಂದ ರೈಡ್ ಬಂದ್ ಆದಾಗ ಕೌಂಟರಿನ ಹುಡುಗರ ಮೇಲೆ ಕೂಗಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಿಮ್ಮ ಕೂಗಿನ ಒತ್ತಡ ಕೊನೆಗೆ ಬಂದು ಬೀಳುವುದು ರಿಪೇರಿ ಮಾಡುತ್ತಿರುವವರ ಮೇಲೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಗ-ಸೊಸೆಯ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇವೆ. ಅಲ್ಲಿಂದ ಆರು ವರ್ಷದ ಮೊಮ್ಮಗನ ಜೊತೆ ಆರ್ಲ್ಯಾಂಡೊದ ಡಿಸ್ನಿಗೆ. ಟಿಕೆಟ್ ಅಲ್ಲದೆ ಲೈಟ್ನಿಂಗ್ ಲೇನ್ ಎಂದು ತಲೆಗೆ ಇಷ್ಟು ಅಂತ ದಿನಾ ಕೊಡಬೇಕಂತೆ. ಕೊಡದಿದ್ದರೆ ಏನೂ ನೋಡಲಾಗದೆ? ಕೊಟ್ಟ ಮೇಲೆ ರೈಡ್ ಕೆಟ್ಟರೆ? (ಮೈಸೂರು)

ಲೈಟ್ನಿಂಗ್ ಲೇನ್ ಎಂದರೆ ಸಾಮಾನ್ಯ ಸಾಲು ಬಿಟ್ಟು ಬೇಗ ರೈಡ್ ಹತ್ತಲು ದುಡ್ಡು ಕೊಟ್ಟು ಹಿಡಿಯುವ ಬೇರೆ ಸಾಲು. ಮೊದಲು ಇಂಥದ್ದು ಉಚಿತವಾಗಿತ್ತು. 1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ತಂದಾಗ ಯಂತ್ರಕ್ಕೆ ಟಿಕೆಟ್ ತೋರಿಸಿ ಸಮಯದ ಚೀಟಿ ಪಡೆದು, ಹೇಳಿದ ಹೊತ್ತಿಗೆ ಬಂದರೆ ಸಾಕಿತ್ತು. 2021ರ ಅಕ್ಟೋಬರ್‌ನಲ್ಲಿ ಜೀನೀ ಪ್ಲಸ್ ಎಂಬ ಹೆಸರಿನಲ್ಲಿ ಆರ್ಲ್ಯಾಂಡೊದಲ್ಲಿ ತಲೆಗೆ ದಿನಕ್ಕೆ 15 ಡಾಲರ್‌ನಿಂದ ಮಾರಾಟ ಶುರುವಾಯಿತು. ಆಮೇಲೆ ದಿನದ ಜನಸಂದಣಿ ನೋಡಿ ಬೆಲೆ ಏರಿಳಿಯತೊಡಗಿತು. 2024ರ ಜುಲೈನಿಂದ ಹಲವು ರೈಡ್‌ಗಳಿಗೆ ಸೇರಿ ಮಲ್ಟಿ ಪಾಸ್, ಅತಿ ಬೇಡಿಕೆಯ ಒಂದಕ್ಕೆ ಸಿಂಗಲ್ ಪಾಸ್ ಎಂದಾಗಿದೆ. ಅದರ ಮೇಲೆ ನೂರಾರು ಡಾಲರ್‌ನ ಪ್ರೀಮಿಯರ್ ಪಾಸ್ ಕೂಡ ಬಂತು. ತಿರುಪತಿಯಲ್ಲಿ 300 ರೂಪಾಯಿಯ ಶೀಘ್ರ ದರ್ಶನದ ಸಾಲು ಕಂಡ ನಮಗೆ ಇದರ ತತ್ವ ಹೊಸದಲ್ಲ.

ಆದರೆ ರೈಡ್ ಕೆಟ್ಟಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಒಂದು ರೈಡ್ ಗಂಟೆಗೆ 1000 ಜನರನ್ನು ಹತ್ತಿಸುತ್ತದೆ, ಅದರಲ್ಲಿ 600 ಜಾಗ ಪಾಸಿನವರಿಗೆ ಮಾರಿದೆ ಎಂದುಕೊಳ್ಳೋಣ. ಒಂದು ಗಂಟೆ ನಿಂತರೆ 600 ಪಾಸುಗಳು ಬಾಕಿ. ಮತ್ತೆ ಶುರುವಾದಾಗ ಆ 600 ಜನರ ಜೊತೆ ಹೊಸ ಗಂಟೆಯ 600 ಜನರೂ ಬಂದರೆ 1200 ಆಯಿತು. ಇರುವ ಜಾಗ ಸಾವಿರ. ದುಡ್ಡು ಕೊಡದೆ ಸಾಮಾನ್ಯ ಸಾಲಿನಲ್ಲಿ ನಿಂತವರು ಒಂದು ಹೆಜ್ಜೆಯೂ ಕದಲುವುದಿಲ್ಲ. ಕೆಟ್ಟದ್ದು ಪಾರ್ಕ್‌ನ ಯಂತ್ರ, ಬೆಲೆ ತೆರುವವರು ಏನೂ ಹೆಚ್ಚಿಗೆ ಕೇಳದ ಜನ. ಈ ಪದ್ಧತಿಯಲ್ಲಿ ನನಗೆ ಒಪ್ಪಲಾಗದ ಭಾಗ ಇದೇ. ಪಾಸ್ ಮಾರುವ ಪಾರ್ಕ್ ಮೊದಲು ಆ ರೈಡನ್ನು ನೆಚ್ಚಿಕೊಳ್ಳುವಂತೆ ಮಾಡಬೇಕು, ಇಲ್ಲವೇ ಕಡಿಮೆ ಪಾಸ್ ಮಾರಬೇಕು.

ಇನ್ನೊಂದು ಗಮನಿಸಿ. ಹೆಚ್ಚು ದುಡ್ಡು ಕೇಳುವ ರೈಡ್ ಅನೇಕ ವೇಳೆ ಹೆಚ್ಚು ಜಟಿಲವಾದದ್ದೂ ಆಗಿರುತ್ತದೆ. ಆರ್ಲ್ಯಾಂಡೊದ ಡಿಸ್ನಿಯದೇ ಪಾರ್ಕ್ ಆದ ಹಾಲಿವುಡ್ ಸ್ಟುಡಿಯೋಸ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ತೆರೆದ ರೈಸ್ ಆಫ್ ದಿ ರೆಸಿಸ್ಟೆನ್ಸ್‌ನಲ್ಲಿ ಹಳಿಯಿಲ್ಲದ ವಾಹನಗಳು, ಅಲುಗಾಡುವ ವೇದಿಕೆ, ಕೆಳಗೆ ಬೀಳುವ ಭಾಗ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಅದು ನಿಲ್ಲುವುದೂ ಸಾಮಾನ್ಯ, ಸಿಂಗಲ್ ಪಾಸ್ ಮಾರುವುದೂ ಅದೇ ರೈಡ್‌ಗೆ.

ನಿಮಗೆ ನನ್ನ ಸಲಹೆ: ಎಲ್ಲ ದಿನಕ್ಕೂ ಕೊಳ್ಳಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆರು ವರ್ಷದ ಮಗುವಿಗೆ ಬೇಕಾದ ರೈಡ್‌ಗಳು ಹೆಚ್ಚು, ಅಲ್ಲಿ ಒಂದು ದಿನ ಮಲ್ಟಿ ಪಾಸ್‌ಗೆ ಅರ್ಥವಿದೆ. ಉಳಿದ ದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲಿ. ಡಿಸ್ನಿ ಹೋಟೆಲಿನಲ್ಲಿ ತಂಗಿದವರನ್ನು ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ಪಾಸ್ ಕಾಯ್ದಿರಿಸಲೂ ಅವರಿಗೆ 7 ದಿನ ಮುಂಚೆ ಅವಕಾಶ, ಉಳಿದವರಿಗೆ 3 ದಿನ. ಬಯಲಿನಲ್ಲಿರುವ ರೈಡ್‌ಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಗುಡುಗು-ಮಿಂಚಿಗೆ ಫ್ಲಾರಿಡಾದಲ್ಲಿ ಅವೆಲ್ಲ ನಿಲ್ಲುತ್ತವೆ. ಮೊಮ್ಮಗನ ಎತ್ತರ ಸಾಲದ ರೈಡ್ ಇದ್ದರೆ ರೈಡರ್ ಸ್ವಿಚ್ ಕೇಳಿ. ಮಗ ಹತ್ತಿ ಬರುವವರೆಗೆ ಸೊಸೆ ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲದೆ ಹತ್ತಬಹುದು. ಅದಕ್ಕೆ ದುಡ್ಡಿಲ್ಲ. ಮಲ್ಟಿ ಪಾಸ್‌ನ ನಿಮ್ಮ ಸಮಯದಲ್ಲೇ ರೈಡ್ ಕೆಟ್ಟರೆ, ಅದೇ ದಿನ ಆ ರೈಡ್‌ಗೆ ಅಥವಾ ಅವರು ಪಟ್ಟಿ ಮಾಡಿದ ಬೇರೊಂದಕ್ಕೆ ಬಳಸುವಂತೆ ಪಾಸ್ ಬದಲಾಗುತ್ತದೆ. ಸಿಂಗಲ್ ಪಾಸ್ ಕೊಂಡಿದ್ದು, ಬದಲಿಗೆ ಕೊಟ್ಟದ್ದು ನಿಮಗೆ ಒಗ್ಗದಿದ್ದರೆ ಅಂದೇ ಪಾರ್ಕ್‌ನ ಗೆಸ್ಟ್ ರಿಲೇಶನ್ಸ್ (ಗ್ರಾಹಕರ ದೂರು-ವಿಚಾರಣೆಯ ಕೌಂಟರ್) ಗೆ ಹೋಗಿ ಹಣ ವಾಪಸ್ ಕೇಳಿ. ಮನೆಗೆ ಬಂದ ಮೇಲೆ ಕೇಳುವುದಕ್ಕಿಂತ ಅಲ್ಲೇ ಕೇಳುವುದು ಸುಲಭ.

ಪ್ರಶ್ನೆ: ಸರ್, ಅಣ್ಣನ ಮಕ್ಕಳನ್ನೂ ಸೇರಿಸಿ ಏಳು ಜನ ಒಂದು ಪಾರ್ಕ್‌ಗೆ ಹೋಗಿದ್ವಿ. ಭಾನುವಾರ ರಶ್ ಇರುತ್ತೆ ಅಂತ ಎಲ್ಲರಿಗೂ ಫಾಸ್ಟ್‌ಟ್ರ್ಯಾಕ್ ತಗೊಂಡೆ. ಒಳಗೆ ಹೋದ್ಮೇಲೆ ನೋಡಿದ್ರೆ ದೊಡ್ಡ ರೈಡ್ ಎರಡು ಬಂದ್. ಕೇಳಿದ್ರೆ "ಟಿಕೆಟ್ ಹಿಂದೆ ಓದಿ" ಅಂದ್ರು. ನಮ್ಮ ದುಡ್ಡಿಗೆ ಬೆಲೆ ಇಲ್ವಾ? (ತುಮಕೂರು)

ಇದೆ. "ಯಾವುದೇ ರೈಡನ್ನು ಸೂಚನೆಯಿಲ್ಲದೆ ನಿಲ್ಲಿಸಬಹುದು" ಎಂಬ ಸಾಲು ಟಿಕೆಟ್‌ಗಳ ಮೇಲೆ ಸಾಮಾನ್ಯ. ಸುರಕ್ಷತೆಗಾಗಿ ನಿಲ್ಲಿಸುವ ಹಕ್ಕು ಪಾರ್ಕ್‌ಗೆ ಇರಲೇಬೇಕು. 2019ರ ಜುಲೈನಲ್ಲಿ ಅಹಮದಾಬಾದ್‌ನ ಕಾಂಕರಿಯಾದಲ್ಲಿ ತೂಗುವ ರೈಡ್ ಮುರಿದು ಇಬ್ಬರು ಸತ್ತದ್ದನ್ನು ನಾವು ಮರೆಯಬಾರದು. ಆದರೆ ರೈಡ್ ನಿಲ್ಲಿಸುವ ಹಕ್ಕು ಬೇರೆ, ನಿಂತಿದೆ ಎಂದು ಗೊತ್ತಿದ್ದೂ ಅದರ ಹೆಸರಿನಲ್ಲಿ ಹೆಚ್ಚುವರಿ ಹಣ ಪಡೆಯುವುದು ಬೇರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಹಣ ಪಡೆದು ಒಪ್ಪಿದ ಸೇವೆ ಕೊಡದಿದ್ದರೆ ಅದು ಸೇವಾ ನ್ಯೂನತೆ. ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದರೆ ಅನುಚಿತ ವ್ಯಾಪಾರ ಪದ್ಧತಿಯ ಪ್ರಶ್ನೆಯೂ ಬರುತ್ತದೆ.

ಹಾಗಾಗಿ ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಒಂದೇ: ನೀವು ಫಾಸ್ಟ್‌ಟ್ರ್ಯಾಕ್ ಕೊಳ್ಳುವಾಗಲೇ ಆ ಎರಡು ರೈಡ್ ಬಂದ್ ಆಗಿದ್ದವೇ, ಅಥವಾ ಮಧ್ಯಾಹ್ನ ಕೆಟ್ಟವೇ? ಮೊದಲಿಂದಲೇ ಬಂದ್ ಇದ್ದು ಕೌಂಟರಿನಲ್ಲಿ ಹೇಳದೆ ಮಾರಿದ್ದರೆ ನಿಮ್ಮ ಕೈ ಗಟ್ಟಿಯಾಗಿದೆ. ನಡುವೆ ಕೆಟ್ಟಿದ್ದರೆ ಪೂರ್ತಿ ಹಣ ಸಿಗುವುದು ಕಷ್ಟ. ಪ್ರವೇಶದ ಹಣ ಬಿಟ್ಟು, ಫಾಸ್ಟ್‌ಟ್ರ್ಯಾಕ್‌ಗೆ ಕೊಟ್ಟ ಹೆಚ್ಚುವರಿ ಮೊತ್ತದಲ್ಲಿ ಒಂದು ಪಾಲನ್ನಷ್ಟೇ ಕೇಳಿ. ನ್ಯಾಯವಾದ ಮೊತ್ತ ಕೇಳಿದಾಗ ಪಾರ್ಕ್‌ನವರು ಮಾತುಕತೆಗೆ ಒಪ್ಪುವ ಸಾಧ್ಯತೆ ಹೆಚ್ಚು.

ಟಿಕೆಟ್, ಹಣ ಕಟ್ಟಿದ ರಸೀದಿ ಅಥವಾ ಯುಪಿಐ ಮೆಸೇಜು, ಬಂದ್ ಬೋರ್ಡಿನ ಫೋಟೋ ಇದ್ದರೆ ಅದು, ಎಲ್ಲ ಒಟ್ಟು ಮಾಡಿ ಪಾರ್ಕ್‌ಗೆ ಇಮೇಲ್ ಕಳಿಸಿ. ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ. ಒಂದೆರಡು ವಾರದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಿ. ಅಲ್ಲೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹೊಸ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ, ಪಾರ್ಕ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ಮುಂದಿನ ಸಲ ಕೌಂಟರಿನಲ್ಲಿ ದುಡ್ಡು ಕೊಡುವ ಮೊದಲು "ಇವತ್ತು ಯಾವ ಯಾವ ರೈಡ್ ಬಂದ್?" ಎಂದು ಕೇಳಿ, ಅವರು ಹೇಳಿದ್ದನ್ನು ಟಿಕೆಟ್ ಹಿಂದೆ ಅವರ ಕೈಯಲ್ಲೇ ಬರೆಸಿಕೊಳ್ಳಿ.